ಗಾಜಿನ ಬಣ್ಣವೋ, ಬೆಳಕಿನ ಬಣ್ಣವೋ?

ಗಾಜಿಲ್ಲದ ಮನೆ ಈಗ ಅಪರೂಪ. ಕಿಟಕಿಗೆ ಗಾಜು, ದೇವರ ಪಟಕ್ಕೆ ಗಾಜು, ಬೀರುವಿನ ಬಾಗಿಲಿಗೆ ಗಾಜು, ವಯಸ್ಸಾದವರ ಮೂಗಿನ ಮೇಲೆ ಗಾಜು. ಇಷ್ಟೊಂದು ಗಾಜಿನ ನಡುವೆ ಬಾಳುವ ನಾವು ಅದರ ಮೂಲಕ ನೋಡುವೆವೇ ಹೊರತು ಅದನ್ನು ನೋಡುವುದಿಲ್ಲ. ತಾನು ಕಾಣದೆ ಉಳಿದುದನ್ನೆಲ್ಲ ಕಾಣಿಸುವುದೇ ಒಳ್ಳೆಯ ಗಾಜಿನ ಲಕ್ಷಣವಷ್ಟೆ. ಆದರೆ ದಿನದ ಯಾವುದೋ ಒಂದು ಗಳಿಗೆಯಲ್ಲಿ ಬಿಸಿಲು ಓರೆಯಾಗಿ ಬಂದು ಗಾಜಿನ ಅಂಚೊಂದನ್ನು ಮುಟ್ಟಿದಾಗ, ನೆಲದ ಮೇಲೋ ಗೋಡೆಯ ಮೇಲೋ ಕೆಂಪು, ಹಳದಿ, ಹಸುರು, ನೀಲಿಗಳ ಪುಟ್ಟದೊಂದು ಪಟ್ಟೆ ಮೂಡುವುದುಂಟು. ಮಕ್ಕಳು ಅದನ್ನು ಅಂಗೈಯಲ್ಲಿ ಹಿಡಿಯಲು ಓಡುವರು. ದೊಡ್ಡವರು ಅದನ್ನು ದಾಟಿಕೊಂಡು ತಮ್ಮ ಕೆಲಸಕ್ಕೆ ಹೋಗುವರು. ಬಿಸಿಲಿಗೆ ಬಣ್ಣವಿಲ್ಲ, ಗಾಜಿಗೂ ಬಣ್ಣವಿಲ್ಲ. ಹೀಗಿರಲು ಇವೆರಡೂ ಕೂಡಿದ ಮಾತ್ರಕ್ಕೆ ಬಣ್ಣವು ಎಲ್ಲಿಂದ ಬಂತು? ಇದು ಬರಿಯ ಕುತೂಹಲದ ಪ್ರಶ್ನೆಯೆಂದು ವಾಚಕರು ಭಾವಿಸಬಹುದು. ನಮ್ಮ ಮನೆಯಲ್ಲಿ ಇದು ಒಬ್ಬರ ನಿದ್ರೆಯನ್ನು ಎಂಟು ದಿನ ಕೆಡಿಸಿದ ಪ್ರಶ್ನೆಯಾದುದರಿಂದ ಇದನ್ನು ಕುರಿತು ನಾಲ್ಕು ಮಾತು ಬರೆಯಲು ಉದ್ಯುಕ್ತರಾಗಿದ್ದೇವೆ.

ನಾವು ಮೂವತ್ತೈದು ವರ್ಷ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ಈಚೆಗೆ ವಿಶ್ರಾಂತರಾದವರು. ಪದಾರ್ಥವಿಜ್ಞಾನವು ನಮ್ಮ ವೃತ್ತಿಯ ವಿಷಯವಾಗಿರಲಿಲ್ಲ. ಪಕ್ಕದ ಕೊಠಡಿಯಲ್ಲಿ ಅದನ್ನು ಕಲಿಸುತ್ತಿದ್ದ ಮಿತ್ರರ ಸಹವಾಸದಿಂದಲೂ, ಈಗ ದೊರೆತಿರುವ ವಿರಾಮದಿಂದಲೂ ಅದರಲ್ಲಿ ಅಷ್ಟಿಷ್ಟು ಪ್ರವೇಶ ದೊರೆತಿದೆ. ಆದರೆ ಬಣ್ಣದ ಪ್ರಶ್ನೆಯು ಸಂಸ್ಕೃತವನ್ನು ಓದಿದವರಿಗೆ ಹೊಸದಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ದೃಷ್ಟಾಂತವೊಂದುಂಟು. ಶುದ್ಧವಾದ ಸ್ಫಟಿಕದ ಬಳಿ ಕೆಂಪು ದಾಸವಾಳದ ಹೂವನ್ನಿಟ್ಟರೆ ಸ್ಫಟಿಕವೇ ಕೆಂಪಗಿರುವಂತೆ ತೋರುವುದು. ಹೂವನ್ನು ತೆಗೆದರೆ ಕೆಂಪೂ ಹೋಗುವುದು. ಆದುದರಿಂದ ಆ ಕೆಂಪು ಸ್ಫಟಿಕದ ಗುಣವಲ್ಲ, ಹೂವಿನದು. ಹೂವು ಇಲ್ಲಿ ಉಪಾಧಿ. ಒಂದಿದ್ದರೆ ಮತ್ತೊಂದಿರುವುದು ಅನ್ವಯ, ಒಂದಿಲ್ಲದಿದ್ದರೆ ಮತ್ತೊಂದಿಲ್ಲದಿರುವುದು ವ್ಯತಿರೇಕ. ಇವೆರಡನ್ನೂ ಪರೀಕ್ಷಿಸಿಯೇ ಯಾವ ಗುಣವು ಯಾರದೆಂದು ನಿರ್ಣಯಿಸತಕ್ಕದ್ದು. ಈ ಪಾಠವನ್ನು ಎಷ್ಟು ತಂಡಗಳ ಹುಡುಗರಿಗೆ ಹೇಳಿದ್ದೇವೋ ಲೆಕ್ಕವಿಲ್ಲ.

ನಮ್ಮ ಮನೆಯಲ್ಲಿ ಹಳೆಯ ಕಾಲದ ತೂಗುದೀಪದಿಂದ ಕಳಚಿದ ಗಾಜಿನ ಲೋಲಕವೊಂದಿದೆ. ಮೂರು ಪಟ್ಟೆಯಾಗಿ ಕಡೆದುದು, ಹೆಬ್ಬೆರಳಿನಷ್ಟು ಉದ್ದ. ಹತ್ತು ವರ್ಷದ ಮೊಮ್ಮಗಳು ರಜೆಯಲ್ಲಿ ಬಂದಿದ್ದಾಗ ಅದನ್ನು ಪೂರ್ವದ ಕಿಟಕಿಯ ಬಳಿ ಹಿಡಿದು ಎದುರಿನ ಗೋಡೆಯ ಮೇಲೆ ಬಣ್ಣ ಚೆಲ್ಲಿ ಆಡುತ್ತಿದ್ದಳು. ಅವಳಿಗೆ ಸ್ಫಟಿಕ-ದಾಸವಾಳದ ಕಥೆಯನ್ನು ಹೇಳಿದೆವು. ಅವಳು ಲೋಲಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ತಾತ, ಇಲ್ಲಿ ಸ್ಫಟಿಕ ಇದೆ, ಹೂವೆಲ್ಲಿ?” ಎಂದು ಕೇಳಿದಳು. ಪಂಡಿತರ ಸಭೆಯಲ್ಲಿಯೂ ಇದಕ್ಕಿಂತ ಯುಕ್ತವಾದ ಪೂರ್ವಪಕ್ಷ ಹುಟ್ಟಲಾರದು. ಸುತ್ತ ಎಲ್ಲಿಯೂ ಕೆಂಪು ವಸ್ತುವಿಲ್ಲ, ನೀಲಿ ವಸ್ತುವಿಲ್ಲ. ಆದರೂ ಗೋಡೆಯ ಮೇಲೆ ಕೆಂಪೂ ಇದೆ, ನೀಲಿಯೂ ಇದೆ.

ಯೂರೋಪು ಖಂಡದ ವಿದ್ವಾಂಸರು ಬಹುಕಾಲ ಇದಕ್ಕೆ ಕೊಡುತ್ತಿದ್ದ ಉತ್ತರ ಹೀಗಿತ್ತು: ಬೆಳಕು ಸ್ವಭಾವತಃ ಶುದ್ಧವೂ ಬಿಳಿಯೂ ಆದುದು, ಗಾಜನ್ನು ಹಾಯುವಾಗ ಅದು ವಿಕಾರಗೊಂಡು ಬಣ್ಣವಾಗುವುದು. ಎಂದರೆ ಬಣ್ಣವು ಗಾಜಿನಿಂದ ಬಂದ ಕಳಂಕ. ಕೇಳುವುದಕ್ಕೆ ಇದು ಸಹಜವಾಗಿಯೇ ಇದೆ. ಗಾಜಿಲ್ಲದಾಗ ಬಣ್ಣವಿಲ್ಲ, ಗಾಜಿದ್ದಾಗ ಬಣ್ಣವಿದೆ. ಆದರೆ ಇಷ್ಟರಿಂದಲೇ ಗಾಜು ಬಣ್ಣವನ್ನು ಹುಟ್ಟಿಸಿತೆನ್ನುವುದು ಆತುರದ ಮಾತು. ಜರಡಿ ಹಿಡಿದಾಗ ತರಿಯೂ ಹಿಟ್ಟೂ ಬೇರೆಬೇರೆಯಾಗುವುವು; ಹಾಗೆಂದು ತರಿಯನ್ನು ಜರಡಿಯೇ ಮಾಡಿತೆಂದು ಯಾವ ಗೃಹಿಣಿಯೂ ಹೇಳಳು. ಗಾಜು ಬಣ್ಣವನ್ನು ಮಾಡುವುದೋ, ಇದ್ದುದನ್ನು ಬೇರ್ಪಡಿಸುವುದೋ ಎಂಬುದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಆ ಪರೀಕ್ಷೆಯನ್ನು ಮಾಡಿದವನು ಇಂಗ್ಲೆಂಡಿನ ಐಸಾಕ್ ನ್ಯೂಟನ್. 1665ರಲ್ಲಿ ಆ ದೇಶದಲ್ಲಿ ಪ್ಲೇಗು ಹಬ್ಬಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಮುಚ್ಚಲು, ಇಪ್ಪತ್ತೆರಡು ವರ್ಷದ ಆ ತರುಣನು ತನ್ನ ಹಳ್ಳಿಗೆ ಹಿಂದಿರುಗಿದ್ದನು. 1666ರಲ್ಲಿ ಮೂರು ಪಟ್ಟೆಯ ಗಾಜಿನ ತುಂಡೊಂದನ್ನು ಪಡೆದೆನೆಂದು ಆತನೇ ಬರೆದಿರುವನು. ಪಾಠಪುಸ್ತಕಗಳಲ್ಲಿ ಇದಕ್ಕೆ ಪಟ್ಟಕವೆಂದೂ ಅಶ್ರಗವೆಂದೂ ಹೆಸರು. ಹುಡುಗರು ಪ್ರಿಸಂ ಎನ್ನುವರು. ಆತನು ಕೋಣೆಯನ್ನು ಕತ್ತಲು ಮಾಡಿ, ಕಿಟಕಿಯ ಹಲಗೆಯಲ್ಲಿ ಚಿಕ್ಕದೊಂದು ರಂಧ್ರವನ್ನು ಕೊರೆದು, ಒಳಬಂದ ಬಿಸಿಲಿನ ಕೋಲಿಗೆ ಪಟ್ಟಕವನ್ನು ಅಡ್ಡ ಹಿಡಿದನು. ಇಪ್ಪತ್ತೆರಡು ಅಡಿ ದೂರದ ಗೋಡೆಯ ಮೇಲೆ ಬಣ್ಣದ ಪಟ್ಟೆ ಬಿದ್ದಿತು. ಬಣ್ಣಗಳನ್ನು ಅದಕ್ಕೆ ಮುಂಚೆಯೂ ಎಷ್ಟೋ ಜನ ನೋಡಿ ಸಂತೋಷಪಟ್ಟಿದ್ದರು. ಈತನು ಮಾಡಿದ ವಿಶೇಷವೇನೆಂದರೆ ಆ ಪಟ್ಟೆಯ ಆಕಾರವನ್ನು ಅಳೆದನು. ರಂಧ್ರವು ದುಂಡು, ಸೂರ್ಯಬಿಂಬವೂ ದುಂಡು. ಬೆಳಕೆಲ್ಲವೂ ಒಂದೇ ಪ್ರಮಾಣದಲ್ಲಿ ಬಾಗುವುದಾದರೆ, ಆತನು ಪಟ್ಟಕವನ್ನು ಹಿಡಿದಿದ್ದ ಓರೆಯಲ್ಲಿ ಗೋಡೆಯ ಮೇಲಿನ ಬಿಂಬವೂ ದುಂಡಾಗಿರಬೇಕಿತ್ತು. ಅಳೆದು ನೋಡಿದರೆ ಉದ್ದ 13¼ ಅಂಗುಲ, ಅಗಲ 2⅝ ಅಂಗುಲ. ಅಗಲಕ್ಕೆ ಐದು ಪಾಲು ಉದ್ದ!

ಮುಂದಿನ ಕ್ರಮವನ್ನು ಓದುವಾಗ ತರ್ಕಶಾಸ್ತ್ರದ ಅಭ್ಯಾಸವುಳ್ಳವರಿಗೆ ಮೈ ಪುಳಕಗೊಳ್ಳುವುದು. ಗಾಜಿನ ದಪ್ಪವು ಕಾರಣವಿರಬಹುದೆಂದು ಪಟ್ಟಕದ ತೆಳುವಾದ ಭಾಗದಿಂದಲೂ ದಪ್ಪವಾದ ಭಾಗದಿಂದಲೂ ಬೆಳಕನ್ನು ಹಾಯಿಸಿದನು. ಪಟ್ಟೆ ಹಾಗೆಯೇ ಇತ್ತು. ರಂಧ್ರದ ಅಳತೆ ಕಾರಣವಿರಬಹುದೆಂದು ಅದನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದನು. ಪಟ್ಟೆ ಹಾಗೆಯೇ ಇತ್ತು. ಗಾಜಿನೊಳಗಿನ ದೋಷ ಕಾರಣವಿರಬಹುದೆಂದು, ಅಂಥದೇ ಇನ್ನೊಂದು ಪಟ್ಟಕವನ್ನು ಮೊದಲನೆಯದಕ್ಕೆ ತಲೆಕೆಳಗಾಗಿ ಹಿಡಿದನು. ದೋಷವೇ ಕಾರಣವಾಗಿದ್ದರೆ ಎರಡು ಗಾಜಿನಿಂದ ದೋಷವು ಇಮ್ಮಡಿಯಾಗಬೇಕು. ಆದುದು ಅದರ ವಿಪರೀತ. ಹರಡಿದ ಬಣ್ಣಗಳೆಲ್ಲ ಮತ್ತೆ ಕೂಡಿಕೊಂಡು ಗೋಡೆಯ ಮೇಲೆ ದುಂಡಗಿನ ಬಿಂಬವೇ ಬಿದ್ದಿತು. ಒಂದೊಂದು ಸಂಶಯವನ್ನೂ ಹೀಗೆ ಬೇರೆಬೇರೆಯಾಗಿ ತೆಗೆದುಹಾಕಿದ ಮೇಲೆ ಕಡೆಯ ಪರೀಕ್ಷೆಗೆ ಕೈಹಾಕಿದನು. ಪಟ್ಟಕದಿಂದ ಹೊರಟ ಬಣ್ಣಗಳಿಗೆ ರಂಧ್ರವುಳ್ಳ ಎರಡು ಹಲಗೆಗಳನ್ನು ಅಡ್ಡವಿಟ್ಟು, ಒಂದು ಬಣ್ಣವನ್ನು ಮಾತ್ರ ಆರಿಸಿ, ಅದನ್ನು ಎರಡನೆಯ ಪಟ್ಟಕದ ಮೂಲಕ ಹಾಯಿಸಿದನು. ಗಾಜಿಗೆ ಬಣ್ಣ ಹುಟ್ಟಿಸುವ ಶಕ್ತಿಯಿದ್ದರೆ ಕೆಂಪು ಬೆಳಕಿನಿಂದಲೂ ಅದು ಹೊಸ ಬಣ್ಣಗಳನ್ನು ಹುಟ್ಟಿಸಬೇಕಾಗಿತ್ತು. ಕೆಂಪು ಕೆಂಪಾಗಿಯೇ ಹೊರಬಂತು, ನೀಲಿ ನೀಲಿಯಾಗಿಯೇ ಹೊರಬಂತು. ಅಲ್ಲದೆ ಮೊದಲನೆಯ ಗಾಜಿನಲ್ಲಿ ಹೆಚ್ಚು ಬಾಗಿದ ನೀಲಿಯು ಎರಡನೆಯದರಲ್ಲಿಯೂ ಹೆಚ್ಚು ಬಾಗಿತು. ಕಡಮೆ ಬಾಗಿದ ಕೆಂಪು ಅಲ್ಲಿಯೂ ಕಡಮೆಯೇ ಬಾಗಿತು.

ಮೊಮ್ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೂವು ಬಿಸಿಲಿನೊಳಗೇ ಇದೆ. ಬಿಳಿಯ ಬೆಳಕೆಂಬುದು ಒಂದು ಬಣ್ಣವಲ್ಲ, ಬಣ್ಣಗಳ ಸಮುದಾಯ. ಗಾಜು ಅದನ್ನು ಬಿಡಿಸಿ ಹರಡುವುದು, ಅಷ್ಟೇ. ನ್ಯೂಟನ್ನನು ಈ ಸಂಗತಿಯನ್ನು 1672ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಪ್ರಕಟಿಸಿದನು. ಅನೇಕರು ಒಪ್ಪಲಿಲ್ಲ, ವಾದವಿವಾದಗಳಿಂದ ಬೇಸತ್ತ ಆತನು ತನ್ನ ಬೆಳಕಿನ ಗ್ರಂಥವನ್ನು 1704ರವರೆಗೆ ಅಚ್ಚು ಹಾಕಿಸಲಿಲ್ಲ.

ಇನ್ನು ಬಣ್ಣಬಣ್ಣದ ಬೆಳಕು ಬೇರೆಬೇರೆಯಾಗಿ ಬಾಗುವುದೇಕೆಂಬುದನ್ನು ವಿಚಾರಿಸುವ. ಎತ್ತಿನ ಬಂಡಿಯೊಂದು ಗಟ್ಟಿ ರಸ್ತೆಯಿಂದ ಓರೆಯಾಗಿ ಕೆಸರುಗದ್ದೆಗೆ ಇಳಿಯುವುದೆಂದು ಭಾವಿಸಿರಿ. ಮೊದಲು ಕೆಸರಿಗಿಳಿದ ಚಕ್ರವು ನಿಧಾನವಾಗುವುದು; ಇನ್ನೊಂದು ಚಕ್ರವು ರಸ್ತೆಯ ಮೇಲೆ ಮೊದಲಿನ ವೇಗದಲ್ಲಿಯೇ ಉರುಳುವುದು; ಆದುದರಿಂದ ಬಂಡಿಯು ತಾನಾಗಿ ಒಂದು ಕಡೆಗೆ ತಿರುಗುವುದು. ಬೆಳಕಿಗೂ ಇದೇ ಗತಿ. ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುವ ಬೆಳಕು ಗಾಜಿನೊಳಗೆ ಸುಮಾರು 2 ಲಕ್ಷ ಕಿಲೋಮೀಟರು ಮಾತ್ರ ಓಡುವುದು. ಹೀಗೆ ವೇಗ ಬದಲಾದುದರಿಂದ ದಿಕ್ಕು ಬದಲಾಗುವುದಕ್ಕೆ ವಕ್ರೀಭವನವೆಂದು ಹೆಸರು. ಕೆಸರು ಆಳವಾದಷ್ಟೂ ಬಂಡಿಯು ಹೆಚ್ಚು ತಿರುಗುವುದಷ್ಟೆ. ಗಾಜೆಂಬ ಕೆಸರು ಕೆಂಪು ಬೆಳಕಿಗೆ ಸ್ವಲ್ಪ ತೆಳು, ನೇರಳೆಗೆ ಸ್ವಲ್ಪ ಆಳ. ಮಸೂರಗಳಿಗೆ ಬಳಸುವ ಒಂದು ಸಾಮಾನ್ಯ ಜಾತಿಯ ಗಾಜಿನಲ್ಲಿ, ಶೂನ್ಯದಲ್ಲಿರುವ ವೇಗವು ಗಾಜಿನಲ್ಲಿರುವ ವೇಗದ ಎಷ್ಟು ಪಾಲೆಂದು ಲೆಕ್ಕ ಹಾಕಿದರೆ ಕೆಂಪಿಗೆ ಸುಮಾರು 1.514, ನೀಲಿಗೆ ಸುಮಾರು 1.522. ವ್ಯತ್ಯಾಸವು ನೂರಕ್ಕೆ ಅರ್ಧ ಪಾಲು ಮಾತ್ರ. ಗೋಡೆಯ ಮೇಲೆ ನಾವು ಕಾಣುವ ವೈಭವವೆಲ್ಲ ಈ ಅರ್ಧ ಪಾಲಿನದು.

ಈ ಅರ್ಧ ಪಾಲಿಗೂ ಕಾರಣವಿದೆ. ಬೆಳಕು ಒಂದು ಬಗೆಯ ಅಲೆ. ಕೆಂಪಿನ ಅಲೆಯು ಉದ್ದ, ನೇರಳೆಯ ಅಲೆಯು ಗಿಡ್ಡ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಕೆಂಪಿನದು ಅಂಥ ಸುಮಾರು 700 ಭಾಗ, ನೇರಳೆಯದು ಸುಮಾರು 400 ಭಾಗ. ಅಲೆಯು ಗಿಡ್ಡವಾದಷ್ಟೂ ಅದರ ಕಂಪನವು ತ್ವರಿತ. ಗಾಜಿನ ಪರಮಾಣುಗಳಲ್ಲಿರುವ ಎಲೆಕ್ಟ್ರಾನುಗಳು ಉಯ್ಯಾಲೆಯಂತೆ ತಮ್ಮದೇ ಆದ ಒಂದು ಲಯವುಳ್ಳವು. ಉಯ್ಯಾಲೆಯ ಲಯಕ್ಕೆ ಸಮೀಪವಾಗಿ ತಳ್ಳಿದವರ ಕೈಗೆ ಅದು ಹೆಚ್ಚು ತೂಗುವುದೆಂಬುದು ಎಲ್ಲರಿಗೂ ಅನುಭವಸಿದ್ಧ. ಗಾಜಿನ ಎಲೆಕ್ಟ್ರಾನುಗಳ ಲಯವು ನೇರಳೆಗಿಂತಲೂ ತ್ವರಿತವಾದ, ಕಣ್ಣಿಗೆ ಕಾಣದ ಅತಿನೇರಳೆಯ ಪ್ರದೇಶದಲ್ಲಿದೆ. ಕಾಣುವ ಬಣ್ಣಗಳಲ್ಲಿ ಅದಕ್ಕೆ ಹತ್ತಿರದ ನೆಂಟ ನೇರಳೆ, ದೂರದ ನೆಂಟ ಕೆಂಪು. ಆದುದರಿಂದ ನೇರಳೆಯನ್ನು ಗಾಜು ಹೆಚ್ಚು ತಡೆಯುವುದು, ಹೆಚ್ಚು ಬಾಗಿಸುವುದು.

ಹಾಗಾದರೆ ಕಿಟಕಿಯ ಗಾಜಿನಲ್ಲಿ ಬಣ್ಣವೇಕೆ ಕಾಣದೆಂದು ಕೇಳಬಹುದು. ಕಿಟಕಿಯ ಗಾಜಿಗೆ ಎರಡು ಮುಖಗಳೂ ಸಮಾಂತರ. ಒಳಹೋಗುವಾಗ ಎಷ್ಟು ಬಾಗಿತೋ ಹೊರಬರುವಾಗ ಅಷ್ಟೇ ಹಿಂದಕ್ಕೆ ಬಾಗಿ ಬಣ್ಣಗಳೆಲ್ಲ ಮತ್ತೆ ಒಂದೇ ದಿಕ್ಕಿಗೆ ಹೊರಡುವುವು. ಪಟ್ಟಕದಲ್ಲಿ ಮುಖಗಳು ಓರೆಯಾಗಿರುವುದರಿಂದ ಎರಡನೆಯ ಮುಖವೂ ಅದೇ ಕಡೆಗೆ ಬಾಗಿಸಿ ಅಗಲಿಕೆಯನ್ನು ಬೆಳೆಸುವುದು. ಬಳೆಯ ಕೆಂಪು ಗಾಜಿನ ಕಥೆ ಬೇರೆ. ಅದು ಉಳಿದ ಬಣ್ಣಗಳನ್ನು ತಾನು ನುಂಗಿ ಕೆಂಪನ್ನು ಮಾತ್ರ ಬಿಡುವುದು. ಸಾಬೂನಿನ ಗುಳ್ಳೆಯ ಮೇಲಣ ಬಣ್ಣಕ್ಕೂ ನವಿಲುಗರಿಯ ಬಣ್ಣಕ್ಕೂ ಇನ್ನೊಂದು ಕಾರಣವುಂಟು. ಅಲ್ಲಿ ಅಲೆಗಳು ಒಂದರೊಡನೊಂದು ಕೂಡಿ ಕಳೆದು ಬಣ್ಣವಾಗುವುವು. ಬಣ್ಣಗಳೆಲ್ಲ ಒಂದೇ ದಾರಿಯಿಂದ ಬರುವುದಿಲ್ಲವೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಇಲ್ಲಿ ಒಂದು ಮಾತು. ಸೂರ್ಯನಿಗೆ ಸಪ್ತಾಶ್ವನೆಂದು ಹೆಸರಿರುವುದರಿಂದ ಈ ಏಳು ಬಣ್ಣಗಳನ್ನು ನಮ್ಮವರು ಆಗಲೇ ಕಂಡಿದ್ದರೆಂದು ಹೇಳುವ ಮಿತ್ರರು ನಮಗೆ ಆಗಾಗ್ಗೆ ದೊರೆಯುವರು. ಸಂಸ್ಕೃತದಲ್ಲಿ ನಮಗಿರುವ ಭಕ್ತಿ ಅವರಿಗಿಂತ ಕಡಮೆಯಲ್ಲ. ಆದರೆ ಈ ಮಾತನ್ನು ಒಪ್ಪಲಾರೆವು. ಬಣ್ಣಗಳು ಏಳೆಂಬುದೇ ಆಕಾಶದಲ್ಲಿ ಬರೆದಿಟ್ಟ ಲೆಕ್ಕವಲ್ಲ. ಒಂದರಿಂದ ಇನ್ನೊಂದಕ್ಕೆ ಎಲ್ಲಿಯೂ ಗೆರೆಯಿಲ್ಲದೆ ಜಾರುವ ಪಟ್ಟೆಯನ್ನು ನ್ಯೂಟನ್ನನು ಸಂಗೀತದ ಏಳು ಸ್ವರಗಳ ಹೋಲಿಕೆಯಿಂದ ಏಳಾಗಿ ಹಂಚಿದನು, ಅಷ್ಟೇ. ನಮ್ಮ ಹಿರಿಯರನ್ನು ಗೌರವಿಸಬೇಕಾದರೆ ಅವರು ನಿಜವಾಗಿ ಹೇಳಿದುದನ್ನು ನೋಡಬೇಕು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇಂದ್ರಧನುಸ್ಸನ್ನು ವಿವರಿಸುತ್ತ, ಸೂರ್ಯನ ನಾನಾ ವರ್ಣದ ಕಿರಣಗಳೇ ಮೋಡ ಕವಿದ ಆಕಾಶದಲ್ಲಿ ಗಾಳಿಯ ಹೊಡೆತಕ್ಕೆ ಸಿಕ್ಕಿ ಬಿಲ್ಲಿನಾಕಾರವಾಗಿ ತೋರುವುವೆಂದಿದ್ದಾನೆ. ಬಣ್ಣವು ಸೂರ್ಯನ ಕಿರಣದ್ದೆಂಬ ಭಾಗವು ಶ್ಲಾಘ್ಯ. ಕೆಲಸ ಮಾಡುವುದು ಗಾಳಿಯೆಂಬ ಭಾಗವು ನಿಲ್ಲಲಿಲ್ಲ. ಅದು ಮಳೆಹನಿಗಳ ಕೆಲಸ, ಒಂದೊಂದು ಹನಿಯೂ ಬೆಳಕನ್ನು ಬಾಗಿಸಿ, ಒಳಗೆ ಪ್ರತಿಫಲಿಸಿ, ಮತ್ತೆ ಬಾಗಿಸಿ ಹೊರಬಿಡುವುದು. ಯಾವ ಭಾಗ ನಿಲ್ಲುವುದು, ಯಾವುದು ನಿಲ್ಲದೆಂಬುದನ್ನು ತೋರಿಸಿಕೊಟ್ಟದ್ದು ಪರೀಕ್ಷೆ.

ಈಗ ನಿದ್ರೆ ಕೆಡಿಸಿದ ಸಂಗತಿಗೆ ಬರೋಣ. ನಮ್ಮ ಗೃಹಿಣಿಗೆ ಬಾಲ್ಯದಿಂದಲೂ ಸಮೀಪದೃಷ್ಟಿ. ಏಳರ ಶಕ್ತಿಯ ಕನ್ನಡಕವಿಲ್ಲದೆ ಎದುರಿಗೆ ಬಂದವರ ಮುಖವೂ ಗುರುತಾಗದು. ಹಳೆಯ ಗಾಜಿನ ಕನ್ನಡಕವು ಮೂಗಿಗೆ ಭಾರವೆಂದು ಹೋದ ವರ್ಷ ಹಗುರವಾದ ಹೊಸದೊಂದನ್ನು ಮಾಡಿಸಿಕೊಂಡರು. ಅದಾದ ಕೆಲವು ದಿನಗಳಿಂದ ಅವರ ಮುಖದಲ್ಲಿ ಏನೋ ಕಳವಳ. ರಾತ್ರಿ ಎದ್ದು ಕುಳಿತಿರುವರು. ಕೇಳಿದರೆ “ಏನಿಲ್ಲ” ಎನ್ನುವರು. ಎಂಟನೆಯ ದಿನ ಬೆಳಗ್ಗೆ ಕಾಫಿಯ ಲೋಟವನ್ನು ನಮ್ಮ ಮುಂದಿಟ್ಟು, ಸೆರಗಿನಿಂದ ಕಣ್ಣೊರಸಿಕೊಂಡು ಹೇಳಿದರು: “ನೋಡಿ, ಕಿಟಕಿಯ ಸರಳಿನ ಒಂದು ಪಕ್ಕಕ್ಕೆ ನೀಲಿ, ಇನ್ನೊಂದು ಪಕ್ಕಕ್ಕೆ ಕೆಂಪು ಹಳದಿ ಕಾಣುತ್ತೆ. ನಮ್ಮಮ್ಮನಿಗೂ ಮೊದಲು ದೀಪದ ಸುತ್ತ ಬಣ್ಣ ಕಾಣಿಸ್ತಿತ್ತು. ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತೇ ಇದೆ.” ಗೊತ್ತಿತ್ತು. ನಮ್ಮ ಅತ್ತೆಯವರು ಕಡೆಯ ಒಂಬತ್ತು ವರ್ಷ ಕಣ್ಣು ಕಾಣದೆ, ಮಗಳ ಮುಖವನ್ನು ಕೈಯಿಂದ ಸವರಿ ಗುರುತಿಸುತ್ತಿದ್ದರು. ಆ ಕೈಯನ್ನು ಹಿಡಿದು ನಡೆಸಿದವರು ಈ ಮಗಳೇ.

ನಮಗೂ ಎದೆ ಹಾರಿತೆನ್ನುವುದನ್ನು ಮುಚ್ಚಿಡಲಾರೆವು. ಆದರೆ ಬಣ್ಣವು ಯಾರದೆಂಬ ಪ್ರಶ್ನೆಯೇ ಇದು, ಕಣ್ಣಿನದೋ, ಕನ್ನಡಕದ್ದೋ? ಹಳೆಯ ಕನ್ನಡಕವನ್ನು ಪೆಟ್ಟಿಗೆಯಿಂದ ತೆಗೆಸಿದೆವು. ಅದನ್ನು ಹಾಕಿಕೊಂಡು ಅದೇ ಸರಳುಗಳನ್ನು ನೋಡಲು ಹೇಳಲು, ಬಣ್ಣವು ಇಲ್ಲವೆನ್ನುವಷ್ಟು ಕಡಮೆಯಾಯಿತು. ಕಣ್ಣು ಅದೇ, ಸರಳು ಅದೇ, ಬೆಳಕು ಅದೇ. ಬದಲಾದುದು ಕನ್ನಡಕ ಮಾತ್ರ. ಮತ್ತೆ ಹೊಸದನ್ನು ಹಾಕಿಸಿ, ಮುಖವನ್ನು ತಿರುಗಿಸಿ ಮಸೂರದ ನಡುಭಾಗದಿಂದ ಸರಳನ್ನು ನೋಡಲು ಹೇಳಿದೆವು, ಬಣ್ಣವಿಲ್ಲ. ಎಡದ ಅಂಚಿನಿಂದ ನೋಡಿದಾಗ ಬಣ್ಣ ಬಂತು. ಬಲದ ಅಂಚಿನಿಂದ ನೋಡಿದಾಗಲೂ ಬಂತು. ಆದರೆ ನೀಲಿಯಿದ್ದ ಪಕ್ಕಕ್ಕೆ ಹಳದಿ, ಹಳದಿಯಿದ್ದ ಪಕ್ಕಕ್ಕೆ ನೀಲಿ ಬಂದು ಅದಲುಬದಲಾಗಿತ್ತು. ಕಡೆಗೆ ಆ ಕನ್ನಡಕವನ್ನು ನಾವೇ ಹಾಕಿಕೊಂಡು ನೋಡಿದೆವು. ಸರಳುಗಳು ಮಸುಕು ಮಸುಕಾಗಿ, ಅಂಚಿನಲ್ಲಿ ನಮಗೂ ಅದೇ ಬಣ್ಣಗಳು ಕಂಡುವು. “ನಿನ್ನ ಕಣ್ಣಿನ ಬಣ್ಣವಾಗಿದ್ದರೆ ನನಗೇಕೆ ಕಾಣಬೇಕು?” ಎಂದು ಕೇಳಿದೆವು. ಅವರು ಕನ್ನಡಕವನ್ನು ನಮ್ಮ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು.

ಇದರ ಕಾರಣವು ಮೇಲೆ ಹೇಳಿದುದೇ. ಸಮೀಪದೃಷ್ಟಿಯ ಮಸೂರವು ನಡುವೆ ತೆಳು, ಅಂಚಿನಲ್ಲಿ ದಪ್ಪ. ನಡುವಿನಲ್ಲಿ ಅದರ ಎರಡು ಮುಖಗಳೂ ಹೆಚ್ಚುಕಡಮೆ ಸಮಾಂತರವಾಗಿರುವುದರಿಂದ ಕಿಟಕಿಯ ಗಾಜಿನಂತೆ. ಅಂಚಿನಲ್ಲಿ ಓರೆಯಾಗಿರುವುದರಿಂದ ಪಟ್ಟಕದಂತೆ. ಎಡದಂಚಿನ ಪಟ್ಟಕವೂ ಬಲದಂಚಿನ ಪಟ್ಟಕವೂ ವಿರುದ್ಧ ದಿಕ್ಕಿಗೆ ಮುಖಮಾಡಿರುವುದರಿಂದ ಬಣ್ಣಗಳು ಅದಲುಬದಲಾದುವು. ಮಸೂರದ ದ್ರವ್ಯವು ಬಣ್ಣಗಳನ್ನು ಎಷ್ಟು ಅಗಲಿಸುವುದೆಂಬುದಕ್ಕೆ ಜರ್ಮನಿಯ ಅರ್ನ್ಸ್ಟ್ ಆಬೆ ಎಂಬ ವಿದ್ವಾಂಸನ ಹೆಸರಿನ ಒಂದು ಸಂಖ್ಯೆಯುಂಟು. ಸಂಖ್ಯೆ ಹೆಚ್ಚಾದಷ್ಟೂ ಅಗಲಿಕೆ ಕಡಮೆ. ಕನ್ನಡಕದ ಸಾಮಾನ್ಯ ಗಾಜಿಗೂ ಸಾಮಾನ್ಯ ಪ್ಲಾಸ್ಟಿಕ್ ಮಸೂರಕ್ಕೂ ಅದು 58ರ ಸುಮಾರು. ಒಡೆಯದೆ ಬಾಳುವ ಹಗುರವಾದ ಪಾಲಿಕಾರ್ಬೊನೇಟ್ ಮಸೂರಕ್ಕೆ 30ರ ಸುಮಾರು. ಎಂದರೆ ಬಣ್ಣದ ಅಂಚು ಹೆಚ್ಚುಕಡಮೆ ಎರಡರಷ್ಟು. ಶಕ್ತಿ ಕಡಮೆಯಿರುವವರಿಗೆ ಇದು ತಿಳಿಯುವುದೇ ಇಲ್ಲ, ಹೆಚ್ಚಿರುವವರಿಗೆ ಕಾಣುವುದು.

ಇಷ್ಟಾದರೂ ನಾವು ಮನೆಯ ಪರೀಕ್ಷೆಯನ್ನೇ ನೆಚ್ಚಿ ಸುಮ್ಮನಿರಲಿಲ್ಲ. ಸರಳಿನ ಬಣ್ಣವು ಕನ್ನಡಕದ್ದೆಂದು ತಿಳಿದ ಮಾತ್ರಕ್ಕೆ ಕಣ್ಣು ನಿರೋಗವೆಂದು ಸಿದ್ಧವಾಗದಷ್ಟೆ. ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಪ್ರಮಾಣ ಬೇಕು. ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಕಣ್ಣಿನೊಳಗಿನ ಒತ್ತಡವನ್ನು ಅಳೆದು, ನರವನ್ನು ಪರೀಕ್ಷಿಸಿ, ದೋಷವಿಲ್ಲವೆಂದು ಹೇಳಿದರು. ತಾಯಿಗೆ ಗ್ಲಾಕೋಮಾ ಇದ್ದುದರಿಂದ ವರ್ಷಕ್ಕೊಮ್ಮೆ ತಪ್ಪದೆ ಬರಬೇಕೆಂದೂ ಹೇಳಿದರು. ಅವರು ತಿಳಿಸಿದ ಭೇದವನ್ನು ವಾಚಕರೂ ಗಮನಿಸಿಕೊಳ್ಳತಕ್ಕದ್ದು. ಕನ್ನಡಕದ ಅಂಚಿನಿಂದ ನೋಡಿದಾಗ ಮಾತ್ರ ವಸ್ತುಗಳ ಪಕ್ಕಕ್ಕೆ ಬಣ್ಣ ಕಂಡರೆ ಅದು ಮಸೂರದ ಧರ್ಮ. ದೀಪದ ಸುತ್ತ ಬಳೆಯಂತೆ ಬಣ್ಣದ ಉಂಗುರಗಳು ಕಂಡು, ಜತೆಗೆ ಕಣ್ಣುನೋವು, ತಲೆನೋವು, ಮಸುಕು ಇದ್ದರೆ ಅದು ಗ್ಲಾಕೋಮಾದ ಸೂಚನೆಯಿರಬಹುದು. ಒಂದು ದಿನವನ್ನೂ ಕಳೆಯದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಹೋದ ದೃಷ್ಟಿ ಆ ರೋಗದಲ್ಲಿ ಹಿಂದಿರುಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಗೃಹಿಣಿಯು ಆ ದಿನ ಮನೆಗೆ ಬಂದು, “ಬಣ್ಣ ಕನ್ನಡಕದ್ದಾದರೆ ಇರಲಿ ಬಿಡಿ” ಎಂದು ಹೊಸ ಕನ್ನಡಕವನ್ನೇ ಹಾಕಿಕೊಂಡು ಅಡುಗೆಮನೆಗೆ ಹೋದರು. ರಾತ್ರಿ ಚೆನ್ನಾಗಿ ನಿದ್ರೆ ಮಾಡಿದರು.

ಆಸ್ಪತ್ರೆಯಲ್ಲಿ ಇನ್ನೊಂದು ವಿಚಿತ್ರವನ್ನು ಕಂಡೆವು. ಕೆಂಪು ಹಲಗೆಯ ಮೇಲಣ ಅಕ್ಷರ ಸ್ಪಷ್ಟವೋ, ಹಸುರು ಹಲಗೆಯ ಮೇಲಣದೋ ಎಂದು ಕೇಳುವ ಪರೀಕ್ಷೆಯನ್ನು ಅನೇಕರು ಅನುಭವಿಸಿರಬಹುದು. ನಮ್ಮ ಕಣ್ಣಿನಲ್ಲಿಯೂ ಮಸೂರವಿರುವುದಷ್ಟೆ; ಅದೂ ಬಣ್ಣಗಳನ್ನು ಬೇರೆಬೇರೆಯಾಗಿ ಬಾಗಿಸುವುದು. ಹಸುರು ಸ್ವಲ್ಪ ಮುಂದೆ ಕೂಡುವುದು, ಕೆಂಪು ಸ್ವಲ್ಪ ಹಿಂದೆ. ಎರಡೂ ಸಮನಾಗಿ ಕಂಡರೆ ಕನ್ನಡಕದ ಶಕ್ತಿ ಸರಿಯಾಗಿದೆಯೆಂದು ಅರ್ಥ. ದೋಷವನ್ನೇ ಅಳತೆಗೋಲು ಮಾಡಿಕೊಂಡ ಈ ಜಾಣ್ಮೆಗೆ ನಾವು ತಲೆದೂಗಿದೆವು. ಮಸೂರವೆಂದರೆ ಸಂಸ್ಕೃತದಲ್ಲಿ ಒಂದು ಬೇಳೆಯ ಹೆಸರು; ಲ್ಯಾಟಿನ್ ಭಾಷೆಯ ಲೆನ್ಸ್ ಎಂಬ ಮಾತಿಗೂ ಅದೇ ಬೇಳೆಯ ಅರ್ಥ.

ದೂರದರ್ಶಕಗಳಲ್ಲಿಯೂ ಈ ಬಣ್ಣದ ಅಂಚು ಬಹುಕಾಲ ಕಾಡಿತು. ಮಸೂರದಿಂದ ಅದನ್ನು ಕಳೆಯುವುದು ಅಸಾಧ್ಯವೆಂದು ಭಾವಿಸಿ ನ್ಯೂಟನ್ನನು 1668ರಲ್ಲಿ ಕನ್ನಡಿಯ ದೂರದರ್ಶಕವನ್ನು ಮಾಡಿದನು. ಆತನ ಈ ನಿರಾಶೆ ಸರಿಯಲ್ಲವೆಂದು ಮುಂದೆ ತಿಳಿದುಬಂತು. ಗಾಜುಗಳಲ್ಲಿ ಜಾತಿಭೇದವಿದೆ, ಸೀಸ ಬೆರೆಸಿದ ಫ್ಲಿಂಟ್ ಗಾಜು ಬಣ್ಣಗಳನ್ನು ಹೆಚ್ಚು ಅಗಲಿಸುವುದು, ಕ್ರೌನ್ ಗಾಜು ಕಡಮೆ ಅಗಲಿಸುವುದು. ಎರಡರ ಮಸೂರಗಳನ್ನೂ ತಕ್ಕ ಪ್ರಮಾಣದಲ್ಲಿ ಜೋಡಿಸಿದರೆ ಒಂದರ ಅಗಲಿಕೆಯನ್ನು ಇನ್ನೊಂದು ಕಳೆದು, ಬಾಗುವಿಕೆ ಮಾತ್ರ ಉಳಿಯುವುದು. ಚೆಸ್ಟರ್ ಮೂರ್ ಹಾಲ್ ಎಂಬಾತನು ಇದನ್ನು ಮೊದಲು ಮಾಡಿದನು. ಜಾನ್ ಡಾಲಂಡ್ ಎಂಬವನು 1758ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದು ಲೋಕದಲ್ಲಿ ಹರಡಿದನು.

ಕೆಲವರು ಅಗಲಿಕೆಯನ್ನು ಕಳೆಯುವುದರಲ್ಲಿ ತೊಡಗಿದ್ದರೆ, ಮತ್ತೆ ಕೆಲವರು ಅದನ್ನು ಬೆಳೆಸಿ ನೋಡಿದರು. ಜರ್ಮನಿಯ ಫ್ರೌನ್‌ಹೋಫರನು 1814ರಲ್ಲಿ ಒಳ್ಳೆಯ ಪಟ್ಟಕದಿಂದ ಸೂರ್ಯನ ಬಣ್ಣದ ಪಟ್ಟೆಯನ್ನು ಹರಡಿ ನೋಡಲು, ಅದರಲ್ಲಿ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳು ಕಂಡುವು. ಒಂದೊಂದು ಧಾತುವಿಗೂ ತನ್ನದೇ ಗೆರೆಗಳಿರುವುವೆಂದು 1859ರಿಂದೀಚೆಗೆ ಕಿರ್ಖಾಫ್ ಮತ್ತು ಬುನ್ಸೆನ್ ಎಂಬವರು ತೋರಿಸಿದರು. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾದಾಗ, ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಹೀಗೆಯೇ ಬಿಡಿಸಿ ನೋಡಿದನು. ಆ ವರ್ಷ ಅಂಥ ಜ್ವಾಲೆಗಳಲ್ಲಿ ಕಂಡ ಹಳದಿಯ ಗೆರೆಯೊಂದು ತಿಳಿದ ಯಾವ ಧಾತುವಿಗೂ ಸೇರದಿರಲು, ಇಂಗ್ಲೆಂಡಿನ ಲಾಕ್ಯರನು ಅದನ್ನು ಹೊಸ ಧಾತುವಿನದೆಂದು ಊಹಿಸಿದನು. ಗ್ರೀಕರ ಭಾಷೆಯಲ್ಲಿ ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದಾಯಿತು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ರ‍್ಯಾಮ್ಸೆ ಎಂಬ ವಿದ್ವಾಂಸನಿಗೆ. ಯಾರೂ ಹೋಗಲಾರದ ಸೂರ್ಯನಲ್ಲಿ ಏನಿದೆಯೆಂಬುದನ್ನು ಗಾಜಿನ ಒಂದು ತುಂಡು ಮನುಷ್ಯನಿಗೆ ತಿಳಿಸಿಕೊಟ್ಟಿತು.

ವಾಚಕರಲ್ಲಿ ಮಕ್ಕಳುಳ್ಳವರಿಗೆ ನಮ್ಮದೊಂದು ಬಿನ್ನಹ. ಪಟ್ಟಕವಿಲ್ಲದಿದ್ದರೆ ಚಿಂತೆಯಿಲ್ಲ. ಬೆಳಗಿನ ಬಿಸಿಲು ಬೀಳುವೆಡೆಯಲ್ಲಿ ಅಗಲವಾದ ತಟ್ಟೆಗೆ ನೀರು ತುಂಬಿ, ಮುಖ ನೋಡುವ ಕನ್ನಡಿಯೊಂದನ್ನು ಅದರಲ್ಲಿ ಓರೆಯಾಗಿ ನಿಲ್ಲಿಸಿರಿ. ನೀರೊಳಗಿನ ಕನ್ನಡಿಯ ಭಾಗದಿಂದ ಹೊರಟ ಬೆಳಕು ಎದುರಿನ ಗೋಡೆಯ ಮೇಲೆ ಬಣ್ಣವಾಗಿ ಬೀಳುವವರೆಗೆ ಕನ್ನಡಿಯನ್ನು ಮೆಲ್ಲಗೆ ತಿರುಗಿಸಿರಿ. ಕನ್ನಡಿ, ಮಸೂರಗಳ ಮೂಲಕ ಸೂರ್ಯನನ್ನು ನೇರವಾಗಿ ನೋಡಲು ಮಾತ್ರ ಮಕ್ಕಳನ್ನು ಬಿಡಬೇಡಿರಿ. ಬಣ್ಣವು ನೀರಿನದೋ, ಕನ್ನಡಿಯದೋ, ಬಿ‌ಸಿಲಿನದೋ ಎಂದು ಅವರನ್ನೇ ಕೇಳಿರಿ. ಉತ್ತರವನ್ನು ಕೂಡಲೇ ಹೇಳಿಬಿಡಬೇಡಿರಿ. ಒಂದೊಂದನ್ನಾಗಿ ತೆಗೆದು ನೋಡಲು ಬಿಡಿರಿ. ಈ ಅಭ್ಯಾಸವು ಬಂದ ಮಗುವಿಗೆ, ಮುಂದೆ ಎಂದಾದರೊಂದು ದಿನ ಮನೆಯಲ್ಲಿ ಭಯ ಹೊಕ್ಕಾಗ, ಎಲ್ಲಿಂದ ವಿಚಾರ ಮಾಡತೊಡಗಬೇಕೆಂಬುದು ತಿಳಿದಿರುವುದು.